ಸೂಜಿಯಣ್ಣ ಬಿಟ್ಟ ಕಾಲು ಸುತ್ತು

ಮಾಲು ಅಂತ ನೋಡಿದರೆ ಸೂಜಿಯಣ್ಣನಿಗೆ ಹೆಚ್ಚು ಬೆಲೆ ಹೇಳುವ ಹಾಗಿರಲಿಲ್ಲ. ಅರವತ್ತೆರಡು ವರ್ಷ ಓಡಿದ ಗಾಡಿ. ಎತ್ತರ ಕಡಿಮೆ, ಬಣ್ಣ ಮಾಸಿದೆ, ಮುಂದಿನ ಎರಡು ಹಲ್ಲು ಹೋಗಿವೆ, ಮೆಟ್ಟಿಲು ಹತ್ತುವಾಗ ಎಡಗಡೆ ಮಂಡಿ ಕಟಕಟ ಅನ್ನುತ್ತದೆ. ಮೊದಲಿನಿಂದ ಒಬ್ಬರೇ ಮಾಲೀಕರು, ಅವನ ಹೆಂಡತಿ. ದೊಡ್ಡ ಅಪಘಾತವಿಲ್ಲ, ಹೇಳಿಕೊಳ್ಳುವಂಥ ಓಟವೂ ಇಲ್ಲ. ಆದರೆ ಕೈ ನೋಡಬೇಕಿತ್ತು. ಮಿಕ್ಕದ್ದೆಲ್ಲ ಸವೆದಿದ್ದರೂ ಆ ಎರಡು ಕೈ ಮಾತ್ರ ಈಗ ತಾನೇ ಕಾರ್ಖಾನೆಯಿಂದ ಹೊರಬಂದ ಹಾಗೆ ಇದ್ದವು. ಬೆರಳು ನಡುಗುತ್ತಿರಲಿಲ್ಲ, ಅವಸರ ಪಡುತ್ತಿರಲಿಲ್ಲ. ಹಳೇ ಕಾರು ಕೊಂಡು ಮಾರುವ ನನ್ನಂಥವನು ಆ ಕೈಗಳನ್ನು ಬಿಡಿಭಾಗವಾಗಿ ಬಿಚ್ಚಿ ತೆಗೆದುಕೊಳ್ಳಲು ಬರುತ್ತದೆಯೇ ಅಂತ ಯೋಚಿಸಿದ್ದುಂಟು.

ಅವನ ಕಸುಬು ಹೊಲಿಗೆ ಮಷೀನು ರಿಪೇರಿ. ತಗಡಿನ ಪೆಟ್ಟಿಗೆ ಹಿಡಿದು ದರ್ಜಿ ಅಂಗಡಿಯಿಂದ ದರ್ಜಿ ಅಂಗಡಿಗೆ ನಡೆಯುತ್ತಿದ್ದ. ದಾರ ಕಚ್ಚುವ ಮಷೀನು, ಹೊಲಿಗೆ ಬಿಡುವ ಮಷೀನು, ಸೂಜಿ ಮುರಿಯುವ ಮಷೀನು, ಯಾವುದೇ ಇರಲಿ, ಮೊದಲು ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಕಿವಿ ಕೊಡುತ್ತಿದ್ದ. ಆಮೇಲೆ ಯಾವುದೋ ಒಂದು ತಿರುಪನ್ನು ಕಾಲು ಸುತ್ತು ಬಿಗಿ ಮಾಡುತ್ತಿದ್ದ, ಇಲ್ಲ ಕಾಲು ಸುತ್ತು ಸಡಿಲ. ಮಷೀನು ಸರಿಹೋಗುತ್ತಿತ್ತು. "ಇಷ್ಟಕ್ಕೆ ಇಷ್ಟು ತಗೋತೀಯಾ?" ಅಂತ ದರ್ಜಿಗಳು ಗೊಣಗಿದರೆ, "ತಿರುಗಿಸಿದ್ದಕ್ಕಲ್ಲಪ್ಪ, ಎಲ್ಲಿ ತಿರುಗಿಸಬೇಕು ಅಂತ ಹುಡುಕಿದ್ದಕ್ಕೆ" ಅನ್ನುತ್ತಿದ್ದ. ಬೀದಿಗೆಲ್ಲ ಅವನು ಸೂಜಿಯಣ್ಣ.

ಅವನಿಗಿಂತ ಎಂಟು ವರ್ಷ ಚಿಕ್ಕವನು ಒಬ್ಬ ತಮ್ಮ. ವಿಮೆ ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಎಲ್ಲ ಹಂಚಿಕೊಂಡರು. ಮನೆ ಮಾರಿ ಹಂಚಿದರು, ಪಾತ್ರೆ ಹಂಚಿದರು, ಕುರ್ಚಿ ಹಂಚಿದರು, ಗೋಡೆ ಗಡಿಯಾರ ಒಬ್ಬನಿಗೆ ಹೋದರೆ ಕಬ್ಬಿಣದ ಪೆಟ್ಟಿಗೆ ಇನ್ನೊಬ್ಬನಿಗೆ. ಉಳಿದದ್ದು ಅಪ್ಪನ ಕಾರು. ಅದನ್ನು ಗರಗಸ ಹಾಕಿ ಕೊಯ್ಯುವ ಹಾಗಿರಲಿಲ್ಲ. ಓಡಿಸುವುದು ತಮ್ಮ, ನೋಡಿಕೊಳ್ಳುವುದು ಅಣ್ಣ ಅಂತ ಮಾತಾಯಿತು. ವಾರವೆಲ್ಲ ಕಾರು ಊರಿನ ಆ ತುದಿಯಲ್ಲಿ ತಮ್ಮನ ಮನೆಯ ಕೆಳಗೆ. ಭಾನುವಾರ ಬೆಳಿಗ್ಗೆ ಈ ತುದಿಯಲ್ಲಿ ಸೂಜಿಯಣ್ಣನ ಬಾಗಿಲಿಗೆ.

ಆ ಭಾನುವಾರಗಳನ್ನು ನೋಡಬೇಕಿತ್ತು. ಬಂದ ಕೂಡಲೇ ಬಾನೆಟ್ ಎತ್ತಲು ಬಿಡುತ್ತಿರಲಿಲ್ಲ.

"ಸ್ವಲ್ಪ ತಣ್ಣಗಾಗಲಿ ಇರೋ. ಬಂದ ನೆಂಟರ ಹೊಟ್ಟೆ ಮುಟ್ಟಿ ನೋಡ್ತಾರಾ ಯಾರಾದ್ರೂ?"

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಬ್ಬರೂ ಟೀ ಕುಡಿದು ಮುಗಿಸುವ ಹೊತ್ತಿಗೆ ಎಣ್ಣೆ ಕೆಳಗಿಳಿದಿರುತ್ತಿತ್ತು. ಅಳತೆ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಹಾಕಿ, ಎರಡನೇ ಸಲ ಎಳೆದಾಗ ಮಾತ್ರ ನಂಬುತ್ತಿದ್ದ. ಮೊದಲನೇ ಸಲ ಅದು ಸುಳ್ಳು ಹೇಳುತ್ತದಂತೆ. ಕಾರಿನ ಅಡಿಗೆ ಒಂದು ರಟ್ಟು ಹಾಸುತ್ತಿದ್ದ. ಎರಡು ಗಂಟೆ ಬಿಟ್ಟು ತೆಗೆದರೆ ಅದರ ಮೇಲೆ ಬಿದ್ದ ತೊಟ್ಟು ಎಲ್ಲ ಹೇಳುತ್ತಿತ್ತು: ಕಪ್ಪಾದರೆ ಎಂಜಿನ್ನಿನ ಎಣ್ಣೆ, ಹಸಿರಾಗಿ ಜಿಗುಟಾಗಿದ್ದರೆ ರೇಡಿಯೇಟರಿನದು, ಚಕ್ರದ ಹತ್ತಿರ ಜಿಡ್ಡಾಗಿ ತಿಳಿಯಾಗಿದ್ದರೆ ಬ್ರೇಕಿನದು, ಅವತ್ತು ಕಾರು ವಾಪಸು ಹೋಗುವ ಹಾಗೇ ಇಲ್ಲ. ಬ್ಯಾಟರಿಯ ತುದಿಯಲ್ಲಿ ಬಿಳೀ ಪುಡಿ ಕಟ್ಟಿದ್ದರೆ ಮೊದಲು ತಂತಿ ಬಿಚ್ಚಿ, ಬಿಸಿನೀರಿಗೆ ಚಿಟಿಕೆ ಸೋಡಾ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ, ತುಟಿಗೆ ಹಚ್ಚುವ ವ್ಯಾಸಲೀನು ಸವರುತ್ತಿದ್ದ. ರಬ್ಬರು ಕೊಳವೆಗಳನ್ನು ಹಿಸುಕಿ ನೋಡುತ್ತಿದ್ದ. ಗಟ್ಟಿಯಾಗಿ ಕರಕರ ಅಂದರೆ ಬದಲಾಯಿಸು, ಮೆತ್ತಗಾಗಿ ಉಬ್ಬಿದ್ದರೂ ಬದಲಾಯಿಸು. ಬಾಗಿಲುಗಳ ಅಡಿಯ ಸಣ್ಣ ತೂತುಗಳಿಗೆ ತಂತಿ ಹಾಕಿ ಕೆಸರು ತೆಗೆಯುತ್ತಿದ್ದ. "ಹಳೇ ಕಾರನ್ನ ಎಂಜಿನ್ ಕೊಲ್ಲಲ್ಲ, ಈ ಮೂಗು ಕಟ್ಟಿ ಒಳಗೇ ನಿಂತ ನೀರು ಕೊಲ್ಲುತ್ತೆ" ಅನ್ನುತ್ತಿದ್ದ.

ತಮ್ಮ ಮೋಟುಗೋಡೆಯ ಮೇಲೆ ಕೂತು ಹೂಂ ಹೂಂ ಅನ್ನುತ್ತಿದ್ದ. ಅವನಿಗೆ ಇದ್ಯಾವುದೂ ತಲೆಗೆ ಹೋಗುತ್ತಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಕಚೇರಿಯ ಸುದ್ದಿ ಹೇಳುತ್ತಿದ್ದ, ಮೇಲಧಿಕಾರಿ ಕೆಮ್ಮುವುದನ್ನು ಅಣಕಿಸುತ್ತಿದ್ದ. ಸೂಜಿಯಣ್ಣ ಬಾನೆಟ್ಟಿನೊಳಗಿಂದಲೇ ನಗುತ್ತಿದ್ದ. ವಾರದಲ್ಲಿ ಅವನು ನಗುತ್ತಿದ್ದದ್ದು ಅಷ್ಟೇ. ಮಕ್ಕಳಿಲ್ಲದ ಮನೆ; ಆ ಎಂಟು ವರ್ಷ ಚಿಕ್ಕವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವನು.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ತಮ್ಮನಿಗೆ ಭಾನುವಾರ ಬೇರೆ ಕೆಲಸಗಳು ಹುಟ್ಟಿಕೊಂಡವು. "ಕಾರು ಚೆನ್ನಾಗೇ ಇದೆಯಲ್ಲ ಅಣ್ಣ, ಮುಂದಿನ ವಾರ ಬರ್ತೀನಿ" ಅಂತ ಫೋನು. ಮುಂದಿನ ವಾರ, ಅದರ ಮುಂದಿನ ವಾರ. ಕಡೆಗೆ ತಿಂಗಳಿಗೊಂದು ಸಲ. ಸೂಜಿಯಣ್ಣನ ಕೆಲಸ ಅಷ್ಟು ಚೊಕ್ಕವಾಗಿತ್ತು, ಅದೇ ಅವನಿಗೆ ಮುಳುವಾಯಿತು. ಕೆಡದ ಕಾರನ್ನು ಯಾಕೆ ತರಬೇಕು?

ಒಂದು ದಿನ ಗಾಳಿ ಸೋಸುವ ಡಬ್ಬಿಯ ಕೊಂಡಿಯನ್ನು ಹಾಕುವುದು ಅವನಿಗೆ ನಿಜವಾಗಿಯೂ ಮರೆತುಹೋಯಿತು. ದಾರಿಯುದ್ದಕ್ಕೂ ಡಬ್ಬಿ ಲಟಲಟ ಅಂದಿದೆ. ಬುಧವಾರ ಸಂಜೆ ತಮ್ಮ ಬೈದುಕೊಂಡು ಬಂದ, ಕೊಂಡಿ ಹಾಕಿಸಿಕೊಂಡ, ಊಟಕ್ಕೂ ನಿಂತ. ಅವತ್ತು ಇಬ್ಬರೂ ಅಪ್ಪನ ಗೊರಕೆಯನ್ನು ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಹೋದ ಮೇಲೆ ಸೂಜಿಯಣ್ಣ ಬಹಳ ಹೊತ್ತು ಮೋಟುಗೋಡೆಯ ಮೇಲೆ ಒಬ್ಬನೇ ಕೂತಿದ್ದ.

ಅಲ್ಲಿಂದಾಚೆಗೆ ಅವನು ಪ್ರತಿ ಸಲ ಎಲ್ಲ ಕೆಲಸ ಮುಗಿಸಿ, ಒಂದನ್ನು ಉಳಿಸುತ್ತಿದ್ದ. ಎಲ್ಲೋ ಒಂದು ತಿರುಪು ಕಾಲು ಸುತ್ತು ಸಡಿಲ. ಅದು ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಗಲಗಲ ಅನ್ನಬೇಕು, ಭಾನುವಾರದ ಹೊತ್ತಿಗೆ ತಮ್ಮನ ತಲೆ ತಿನ್ನಬೇಕು, ಆ ಲೆಕ್ಕದಲ್ಲಿ. ಇದಕ್ಕೂ ಅವನದೊಂದು ಕಟ್ಟುನಿಟ್ಟಿತ್ತು. ಬ್ರೇಕು ಮುಟ್ಟುವ ಹಾಗಿಲ್ಲ, ಸ್ಟೀರಿಂಗು ಮುಟ್ಟುವ ಹಾಗಿಲ್ಲ, ಚಕ್ರ, ಪೆಟ್ರೋಲು ಕೊಳವೆ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಕನ್ನಡಿ ಅಲುಗಲಿ, ನಂಬರ್ ಪ್ಲೇಟು ಬಡಿದುಕೊಳ್ಳಲಿ, ಒಳಗಿನ ದೀಪ ಮಿಣಮಿಣ ಅನ್ನಲಿ. ಮುಂದಿನ ಭಾನುವಾರ ಅದನ್ನು ಬಿಗಿ ಮಾಡಿ ಇನ್ನೊಂದನ್ನು ಸಡಿಲಿಸುವುದು.

ಅವನ ಹೆಂಡತಿ ಇದನ್ನು ಎರಡೇ ತಿಂಗಳಲ್ಲಿ ಹಿಡಿದಳು.

"ರೀ, ತಮ್ಮನ್ನ ನೋಡಬೇಕು ಅನ್ನಿಸಿದ್ರೆ ಊಟಕ್ಕೆ ಬಾ ಅಂತ ಕರೀರಿ. ಪಾಪದ ಕಾರಿಗೆ ಯಾಕೆ ಕಾಯಿಲೆ ಬರಿಸ್ತೀರಿ?"

"ನಾನು ಕರೆದ್ರೆ ಕೆಲಸ ಇದೆ ಅಂತಾನೆ ಕಣೇ. ಕಾರು ಕರೆದ್ರೆ ಬರ್ತಾನೆ."

"ಗೊತ್ತಾದ್ರೆ?"

"ಅವನಿಗಾ? ಸ್ಟೆಪ್ನಿ ಚಕ್ರ ಎಲ್ಲಿದೆ ಅಂತ ನೀನು ಕೇಳಿ ನೋಡು, ಹೆಂಡತೀನ ಕೇಳಿ ಹೇಳ್ತೀನಿ ಅಂತಾನೆ."

ಅವಳು ನಕ್ಕಳು, ನಕ್ಕದ್ದಕ್ಕೆ ಆಮೇಲೆ ಪರಿತಪಿಸಿದಳು. ಅವತ್ತೇ ಎರಡು ಬೈದಿದ್ದರೆ ಆಗುತ್ತಿತ್ತು ಅಂತ ಎಷ್ಟೋ ದಿನ ಆದ ಮೇಲೆ ನನ್ನ ಮನೆಯಾಕೆಯ ಹತ್ತಿರ ಹೇಳಿಕೊಂಡು ಅತ್ತಳು. ನನಗೆ ಇಷ್ಟು ಗೊತ್ತಾಗಿರುವುದು ಆ ದಾರಿಯಲ್ಲೇ.

ಐದು ವರ್ಷ ನಡೆಯಿತು ಈ ವ್ಯಾಪಾರ. ಐದು ವರ್ಷಕ್ಕೆ ಎಷ್ಟು ಭಾನುವಾರ ಅಂತ ಸೂಜಿಯಣ್ಣ ಎಣಿಸಿರಲಿಲ್ಲ. ಒಂದು ಸಣ್ಣ ಕಾರಿನಲ್ಲಿ ನಿರಪಾಯದ ಕಾಯಿಲೆಗಳು ಎಷ್ಟಿರುತ್ತವೆ ಅಂತಲೂ ಎಣಿಸಿರಲಿಲ್ಲ. ಸರಕು ಮುಗಿಯುತ್ತಾ ಬಂತು. ತಮ್ಮನಿಗೂ ಗಲಗಲ ಸದ್ದು ರೂಢಿಯಾಗಿಹೋಯಿತು. "ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಹಾಡುತ್ತೆ" ಅಂತ ರೇಡಿಯೋ ಜೋರು ಮಾಡಿಕೊಂಡು ಓಡಿಸುತ್ತಿದ್ದ. ಮತ್ತೆ ಭಾನುವಾರಗಳು ತಪ್ಪತೊಡಗಿದವು. ಸೂಜಿಯಣ್ಣ ಒಂದರ ಜಾಗದಲ್ಲಿ ಮೂರು ಉಳಿಸತೊಡಗಿದ.

ಆ ವರ್ಷ ತಮ್ಮನ ಮಗಳು ಕಾರು ಕಲಿಯಲು ಬರುತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಬಾಯಿ ಜೋರು, ಕೈ ಇನ್ನೂ ಜೋರು. ಮನೆಮನೆಗೆ ಹೋಗಿ ರಕ್ತದ ಮಾದರಿ ತರುವ ಕೆಲಸ ಅವಳಿಗೆ ನಿಕ್ಕಿಯಾಗಿತ್ತು, ಒಂದೇ ಷರತ್ತು: ತಿಂಗಳ ಕೊನೆಯೊಳಗೆ ಲೈಸೆನ್ಸು ತೋರಿಸಬೇಕು. ಮನೆಯ ಹಿಂದಿನ ಖಾಲಿ ಮೈದಾನದಲ್ಲಿ ಸೂಜಿಯಣ್ಣನೇ ಅವಳಿಗೆ ಕಲಿಸಿದ. "ಕ್ಲಚ್ಚನ್ನ ತುಳೀಬೇಡಮ್ಮ, ಮಲಗಿರೋ ಬೆಕ್ಕಿನ ಮೇಲೆ ಕಾಲಿಟ್ಟ ಹಾಗೆ ಇಡು, ಅಷ್ಟೇ ಮೆಲ್ಲಗೆ ತೆಗಿ." ಹುಡುಗಿ ಮೂರು ವಾರಕ್ಕೆ ಅವಳಪ್ಪನಿಗಿಂತ ಚೆನ್ನಾಗಿ ಓಡಿಸಿದಳು. ಪರೀಕ್ಷೆ ಎಂಟು ದಿನ ಬಿಟ್ಟು ಸೋಮವಾರ. ನಡುವೆ ಇನ್ನೊಂದು ಭಾನುವಾರವಿದೆ. ಆ ಭಾನುವಾರ ಎಲ್ಲವನ್ನೂ ಬಿಗಿ ಮಾಡಿ, ಒಂದನ್ನೂ ಉಳಿಸದೆ, ಕಾರನ್ನು ಮದುಮಗಳ ಹಾಗೆ ಕಳಿಸುವುದು ಅಂತ ಅವನು ಹೆಂಡತಿಗೆ ಹೇಳಿಯೂ ಇದ್ದ.

ಆದರೆ ಆ ಭಾನುವಾರ ತಮ್ಮ ಬರುತ್ತಾನೋ ಇಲ್ಲವೋ ಎಂಬುದೇ ಅವನ ಚಿಂತೆ. ಮಗಳ ಕಲಿಕೆ ಮುಗಿದ ಮೇಲೆ ಎರಡು ವಾರ ತಪ್ಪಿಸಿ ಈ ಭಾನುವಾರ ಬಂದಿದ್ದ. ಈ ಸಲ ರೇಡಿಯೋ ಜೋರು ಮಾಡಿ ಮುಚ್ಚಿಹಾಕಲಾಗದ ಕಾಯಿಲೆ ಬೇಕು. ಎಡಗಡೆ ಕಿಟಕಿಯ ಗಾಜು ಕಚ್ಚಿಕೊಳ್ಳುವ ಹಾಗೆ ಮಾಡಿದ, ಎದುರಿನ ಸಣ್ಣ ಖಾನೆಯ ಮುಚ್ಚಳ ತಾನಾಗಿ ಬಿದ್ದು ಮೊಣಕಾಲಿಗೆ ಬಡಿಯುವ ಹಾಗೆ ಮಾಡಿದ. ಇನ್ನೊಂದಕ್ಕೆ ಹುಡುಕಿ ಹುಡುಕಿ, ಕೈ ಹಾರನ್ನಿನ ವೈರಿನ ಮೇಲೆ ನಿಂತಿತು. ಅದು ಪ್ರಾಣಕ್ಕೆ ಅಪಾಯದ್ದೋ ಅಲ್ಲವೋ ಅಂತ ಅವನು ತನ್ನೊಳಗೇ ವಾದ ಮಾಡಿದ. ತಮ್ಮ ಹಾರನ್ ಹೊಡೆಯುವವನಲ್ಲ, ಮೆಲ್ಲಗೆ ಹೋಗುವವನು; ಕಚೇರಿಗೆ ಎರಡು ಮೈಲಿ ದಾರಿ. ಐದು ವರ್ಷದಲ್ಲಿ ಮೊದಲ ಸಲ ತನ್ನ ಕಟ್ಟುನಿಟ್ಟನ್ನು ತಾನೇ ಮೀರಿ, ವೈರಿನ ಕೊಂಡಿಯನ್ನು ಕೂದಲೆಳೆಯಷ್ಟು ಹೊರಗೆಳೆದ. ನಿಂತಲ್ಲಿ ಒತ್ತಿದರೆ ಪೀಂ ಅಂತಿತ್ತು. ಗುಂಡಿಯ ರಸ್ತೆಯಲ್ಲಿ ನಾಲ್ಕು ಸಲ ಕುಕ್ಕಿದರೆ ಮಾತು ನಿಲ್ಲುವ ಹಾಗಿತ್ತು.

ಪರೀಕ್ಷೆಯ ದಿನ ಮುಂಚೆಯೇ ಬಂತು. ಯಾರದೋ ಸರದಿ ತಪ್ಪಿ ಹುಡುಗಿಗೆ ಆ ವಾರದ ಗುರುವಾರವೇ ಸಿಕ್ಕಿತು. ಅವಳು ಅಪ್ಪನಿಗೆ ಹೇಳಿದಳು. ಅಪ್ಪ ಅಣ್ಣನಿಗೆ ಹೇಳಲಿಲ್ಲ. ಮರೆತದ್ದೂ ಅಲ್ಲ, ಹೇಳಿದರೆ ಕಾರು ತಂದು ತೋರಿಸು ಅಂತ ಹಿಡಿದುಕೊಳ್ಳುತ್ತಾನೆ, ಅರ್ಧ ದಿನ ಹಾಳು ಅಂದುಕೊಂಡ.

ಪರೀಕ್ಷೆಯ ಮೈದಾನದ ದಾರಿ ಪೂರ್ತಿ ಗುಂಡಿ. ಅಧಿಕಾರಿ ಪಕ್ಕದಲ್ಲಿ ಕೂತು, ಕಾಗದ ತೊಡೆಯ ಮೇಲಿಟ್ಟುಕೊಂಡ. ಖಾನೆಯ ಮುಚ್ಚಳ ಬಿದ್ದು ಅವನ ಮೊಣಕಾಲಿಗೆ ಬಡಿಯಿತು. ಅವನು ಅದನ್ನು ಮುಚ್ಚಿದ. ಮತ್ತೆ ಬಿತ್ತು.

"ಹಾರನ್ ಹೊಡಿಯಮ್ಮ."

ಹುಡುಗಿ ಒತ್ತಿದಳು. ಏನೂ ಇಲ್ಲ.

"ಹೊಡಿಯಮ್ಮ ಅಂದೆ."

"ಹೊಡೀತಿದೀನಿ ಸಾರ್."

"ನನಗೆ ಕಿವಿ ಕೇಳುತ್ತೆ." ಅವನು ಇಳಿದ. "ಗಾಡಿ ಸರಿ ಮಾಡಿಸ್ಕೊಂಡು ಬಾ. ಮುಂದಿನ ಸರದಿ ಐದು ವಾರ ಆದ್ಮೇಲೆ."

ಅವಳಿಗೆ ಒಂದು ಗಜ ದೂರವನ್ನೂ ಓಡಿಸಿ ತೋರಿಸಲು ಆಗಲಿಲ್ಲ. ರಕ್ತದ ಮಾದರಿಯವರು ತಿಂಗಳ ಕೊನೆಗೆ ಸಾಲಿನಲ್ಲಿ ಅವಳ ಹಿಂದಿದ್ದವಳನ್ನು ಕರೆದರು.

ಅದೇ ಗುರುವಾರ ಸಂಜೆ ಕಾರು ಸೂಜಿಯಣ್ಣನ ಬಾಗಿಲಿಗೆ ಬಂತು. ವಾರದ ನಡುವೆ ತಮ್ಮ ಬಂದ ಅಂತ ಅವನಿಗೆ ಮೊದಲು ಖುಷಿಯೇ ಆಯಿತು, ಟೀಗಿಡು ಅಂತ ಒಳಗೆ ಕೂಗಿಯೂ ಬಿಟ್ಟ. ಹುಡುಗಿ ಕಾರಿನಿಂದ ಇಳಿಯಲಿಲ್ಲ. ತಮ್ಮ ನಿಂತಲ್ಲೇ ಎಲ್ಲ ಹೇಳಿದ, ಒಂದೊಂದು ಮಾತನ್ನೂ ಮೊಳೆ ಹೊಡೆದ ಹಾಗೆ.

ಸೂಜಿಯಣ್ಣ ಬಾನೆಟ್ ಎತ್ತಿದ. ಹುಡುಕಬೇಕಾಗಿರಲಿಲ್ಲ. ಎರಡು ಬೆರಳಲ್ಲಿ ಕೊಂಡಿಯನ್ನು ಒಳಗೆ ತಳ್ಳಿದ. ಹಾರನ್ ಬೀದಿಗೆಲ್ಲ ಕೇಳುವ ಹಾಗೆ ಕೂಗಿತು.

"ಇಷ್ಟೇನಾ?" ಅಂದ ತಮ್ಮ. "ಇಷ್ಟೇ ಆಗಿದ್ದಾ ಅಣ್ಣ? ಪ್ರತಿ ಭಾನುವಾರ ನಾಲ್ಕು ಗಂಟೆ ಇದರೊಳಗೆ ತಲೆ ಹಾಕ್ಕೊಂಡು ನಿಂತಿರ್ತೀಯಲ್ಲ, ಏನ್ ನೋಡ್ತಿದ್ದೆ?"

"ವೈರು ಹಳೇದು ಕಣೋ."

"ವೈರು ಹಳೇದು, ಗಾಜು ಹಳೇದು, ಮುಚ್ಚಳ ಹಳೇದು. ಐದು ವರ್ಷದಲ್ಲಿ ಒಂದೇ ಒಂದು ವಾರ ಈ ಕಾರು ಪೂರ್ತಿ ಸರಿಯಾಗಿದ್ದಿದ್ದು ಇದೆಯಾ? ಅಪ್ಪನ ಕಾಲದಲ್ಲಿ ಹೀಗಿತ್ತಾ? ಕೈಲಾಗಲ್ಲ ಅಂದ್ರೆ ಕೈಲಾಗಲ್ಲ ಅನ್ನಬೇಕು ಅಣ್ಣ. ಅದರಲ್ಲಿ ನಾಚಿಕೆ ಏನಿದೆ? ವಯಸ್ಸಾಯ್ತು."

ಒಳಬಾಗಿಲಲ್ಲಿ ಹೆಂಡತಿ ಟೀ ಲೋಟ ಹಿಡಿದು ನಿಂತಿದ್ದಳು. ಹೇಳಿಬಿಡಿ ಅಂತ ಅವಳ ಕಣ್ಣು ಹೇಳುತ್ತಿತ್ತು. ಸೂಜಿಯಣ್ಣನಿಗೆ ಎರಡು ದಾರಿಯಿತ್ತು. ಕೈಲಾಗದವನು ಅಂತ ಒಪ್ಪಿಕೊಳ್ಳುವುದು. ಇಲ್ಲ, ಬೇಕಂತಲೇ ಮಾಡಿದೆ, ನೀನು ಬರಲಿ ಅಂತ ಮಾಡಿದೆ, ನಿನ್ನ ಮಗಳ ಅನ್ನಕ್ಕೆ ಕಲ್ಲು ಹಾಕಿದ್ದು ನನ್ನ ಇದೇ ಎರಡು ಬೆರಳು ಅನ್ನುವುದು. ಮೊದಲನೆಯದಕ್ಕೆ ತಮ್ಮ ಬೈಯುತ್ತಾನೆ, ಬೈದು ಎಂದಾದರೂ ಮತ್ತೆ ಬಂದಾನು. ಎರಡನೆಯದಕ್ಕೆ ಜನ್ಮದಲ್ಲಿ ಮುಖ ನೋಡುವುದಿಲ್ಲ. ಹಾಗಂತ ಅವನು ಲೆಕ್ಕ ಹಾಕಿದ.

"ಹೌದು ಕಣೋ," ಅಂದ. "ಕಣ್ಣು ಮಂದ ಆಗಿದೆ. ಕೈಯೂ ಮುಂಚಿನ ಹಾಗಿಲ್ಲ."

ಹುಡುಗಿ ಆಗ ಕಿಟಕಿಯ ಹತ್ತಿರ ಮುಖ ತಂದಳು. ಗಾಜು ಅರ್ಧಕ್ಕೆ ಕಚ್ಚಿಕೊಂಡಿತ್ತು, ಅದರ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

"ಹೋಗಲಿ ಬಿಡಿ ದೊಡ್ಡಪ್ಪ. ದಿನ ಬದಲಾಗಿದ್ದು ನಿಮಗೇನ್ ಗೊತ್ತು? ನೀವೇನು ಬೇಕಂತ ಮಾಡ್ತೀರಾ?"

ಅವರು ಹೋದ ಮೇಲೆ ಟೀಯನ್ನು ಯಾರೂ ಕುಡಿಯಲಿಲ್ಲ.

ಮುಂದಿನ ಭಾನುವಾರ ಕಾರು ಮಾರಾಟಕ್ಕೆ ಅಂತ ಬಂದದ್ದು ನನ್ನ ಅಂಗಳಕ್ಕೆ. ಇಬ್ಬರ ಸಹಿ ಬೇಕಾದ್ದರಿಂದ ಅಣ್ಣನೂ ಜೊತೆಗೆ ಬಂದಿದ್ದ, ಹಿಂದಿನ ಸೀಟಿನಲ್ಲಿ ಕೂತು. ಶನಿವಾರ ಒಂದು ಗಂಟೆ ಮಟ್ಟಿಗೆ ಕಾರು ಕಳಿಸು, ತೊಳೆದು ಕೊಡುತ್ತೇನೆ ಅಂತ ತಮ್ಮನನ್ನು ಕೇಳಿದ್ದನಂತೆ. ನೀನಿನ್ನು ಮುಟ್ಟುವುದು ಬೇಡ ಅಂದಿದ್ದನಂತೆ ತಮ್ಮ.

ನಾನು ಬಾನೆಟ್ ಎತ್ತಿದೆ. ಮೂವತ್ತು ವರ್ಷ ಈ ಅಂಗಳದಲ್ಲಿ ನಿಂತವನಿಗೆ ಕಾರಿನ ಸಮಾಚಾರವನ್ನು ತಿರುಪಿನ ತಲೆಯೇ ಹೇಳುತ್ತದೆ. ಅರೆಬರೆ ಕೈ ಬಿದ್ದ ತಿರುಪಿನ ತಲೆ ಇಲಿ ಕಡಿದ ಹಾಗಿರುತ್ತದೆ, ಗೀಟು ಸವೆದು, ಅಂಚು ಕಿತ್ತು. ಇಲ್ಲಿ ಒಂದೊಂದು ತಲೆಯೂ ಹೊಸ ನಾಣ್ಯದ ಹಾಗಿತ್ತು. ನೂರು ಸಲ ಬಿಚ್ಚಿ ಹಾಕಿದ ತಿರುಪುಗಳು, ಒಂದರ ಮೇಲೂ ಗೀರಿಲ್ಲ. ಬ್ಯಾಟರಿ, ಕೊಳವೆ, ಬೆಲ್ಟು, ಎಲ್ಲ ತೊಳೆದ ಮಗುವಿನ ಹಾಗೆ. ಚಾವಿ ತಿರುಗಿಸಿದರೆ ಎಂಜಿನ್ನು ಒಂದೇ ಉಸಿರಿಗೆ ಎದ್ದು ಗುರುಗುಟ್ಟಿತು. ಇಂಥ ಕಾರಿನಲ್ಲಿ ಕಿಟಕಿ ಗಾಜು ಕಚ್ಚಿಕೊಂಡಿದೆ, ಖಾನೆಯ ಮುಚ್ಚಳ ಬೀಳುತ್ತಿದೆ. ಮುಚ್ಚಳದ ತಿರುಪನ್ನು ಉಗುರಲ್ಲಿ ಮುಟ್ಟಿ ನೋಡಿದೆ. ಸರಿಯಾಗಿ ಕಾಲು ಸುತ್ತು ಸಡಿಲ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಬೇಕಂತಲೇ ಮಾಡಿದ್ದು, ಅದೂ ಪಳಗಿದ ಕೈ ಮಾಡಿದ್ದು ಅಂತ ಮಾತ್ರ ಗೊತ್ತಾಯಿತು.

ಆದರೆ ನಾನು ಕೊಳ್ಳುವವನ ಕಡೆ ನಿಂತಿದ್ದೆ. ಮುಚ್ಚಳವನ್ನು ಎರಡು ಸಲ ಬೀಳಿಸಿ ತೋರಿಸಿದೆ, ಗಾಜನ್ನು ಎಳೆದಾಡಿದೆ, ತಲೆಯಾಡಿಸಿದೆ.

"ಏನ್ ಸಾರ್, ಯಾರ ಕೈಗೆ ಕೊಟ್ಟಿದ್ರಿ ಇದನ್ನ? ಕೆಲಸ ಗೊತ್ತಿಲ್ಲದವರು ಎಲ್ಲ ಕಡೆ ಕೈಯಾಡಿಸಿ ಕೆಡಿಸಿದ್ದಾರೆ."

ತಮ್ಮ ಅಣ್ಣನ ಕಡೆ ನೋಡಿದ. ಬೈದಿದ್ದರೇ ವಾಸಿಯಿತ್ತು.

ಸೂಜಿಯಣ್ಣ ನನ್ನ ಕಡೆ ನೋಡಿದ. ಕಸುಬು ಬಲ್ಲವನು ಕಸುಬು ಬಲ್ಲವನನ್ನು ನೋಡುವ ನೋಟ. ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಯಿತು. ಒಂದು ಕ್ಷಣ ಕಾದ, ನಾನು ಏನಾದರೂ ಹೇಳುತ್ತೇನೇನೋ ಅಂತ.

"ನಾನೇ ಸ್ವಾಮಿ ಕೆಡಿಸಿದ್ದು," ಅಂದ. "ಎಲ್ಲಿ ಸಹಿ ಹಾಕಬೇಕು ತೋರಿಸಿ."

ನಾನು ಹೇಳಿದ ರೇಟಿಗೇ ಕಾರು ಸಿಕ್ಕಿತು. ಅವರು ಹೋದ ಮೇಲೆ ಮುಚ್ಚಳಕ್ಕೆ ಕಾಲು ಸುತ್ತು, ಗಾಜಿಗೆ ಕಾಲು ಸುತ್ತು. ಎರಡು ನಿಮಿಷದ ಕೆಲಸ. ಮೂರನೇ ದಿನ ಮಾರಿದೆ.

ಸೂಜಿಯಣ್ಣನ ಲೆಕ್ಕ ತಪ್ಪಾಯಿತು. ಕೈಲಾಗದ ಅಣ್ಣನನ್ನು ನೋಡಲು ತಮ್ಮ ಬರಲಿಲ್ಲ. ಸಿಟ್ಟು ಅಂತ ಅಲ್ಲ. ಸಿಟ್ಟು ಎರಡು ತಿಂಗಳಿಗೆ ಇಳಿಯಿತು. ಬರಲು ಕಾರಣವಿರಲಿಲ್ಲ, ಅಷ್ಟೇ. ಭಾನುವಾರ ಒಂದು ಫೋನು, ಊಟ ಆಯ್ತಾ, ಆಯ್ತು, ಅತ್ತಿಗೆ ಚೆನ್ನಾಗಿದ್ದಾರಾ, ಚೆನ್ನಾಗಿದ್ದಾಳೆ. ಆಮೇಲೆ ಅದೂ ನಿಂತಿತು. ಅಣ್ಣನಿಗೆ ಈಗ ಕೈ ನಡುಗುತ್ತದೆ ಅಂತ ತಮ್ಮ ಕಂಡಕಂಡವರ ಹತ್ತಿರ ಮರುಕದಿಂದಲೇ ಹೇಳಿದ. ಮಾತು ದರ್ಜಿಗಳ ಬೀದಿಗೂ ಬಂತು. ಒಬ್ಬೊಬ್ಬರಾಗಿ ಮಷೀನು ಕೊಡುವುದನ್ನು ಬಿಟ್ಟರು. ತಮ್ಮನ ಹೆಂಡತಿಯ ಹೊಲಿಗೆ ಮಷೀನು ಕೆಟ್ಟಾಗ ಹುಡುಗಿಯೇ ಅದನ್ನು ಹೊತ್ತುಕೊಂಡು ಸೂಜಿಯಣ್ಣನ ಬೀದಿಯಲ್ಲೇ ಹಾದು, ಇನ್ನೊಬ್ಬನ ಹತ್ತಿರ ಕೊಟ್ಟು ಬಂದಳು. ದೊಡ್ಡಪ್ಪನಿಗೆ ಯಾಕೆ ತೊಂದರೆ ಅಂತ. ಅವನು ಮೋಟುಗೋಡೆಯ ಮೇಲೆ ಕೂತು ಅದನ್ನು ನೋಡಿದ.

ಈಗಲೂ ಅಲ್ಲೇ ಕೂತಿರುತ್ತಾನೆ. ನಾನು ದಿನಾ ಆ ದಾರಿಯಲ್ಲೇ ಅಂಗಳಕ್ಕೆ ಹೋಗುತ್ತೇನೆ. "ಏನ್ ಯಜಮಾನ್ರೇ" ಅನ್ನುತ್ತೇನೆ, "ಏನ್ ಸಾಹುಕಾರ್ರೇ" ಅನ್ನುತ್ತಾನೆ, ಮುಂದೆ ಹೋಗುತ್ತೇನೆ.

ಅಷ್ಟು ಚೆನ್ನಾಗಿ ನೋಡಿಕೊಂಡ ಕಾರು ನನ್ನ ಅಂಗಳಕ್ಕೆ ಇನ್ನೊಂದು ಬಂದಿಲ್ಲ. ಈ ಮಾತನ್ನು ಅವತ್ತೇ, ಅವನ ತಮ್ಮನ ಎದುರಿಗೇ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಸೂಜಿಯಣ್ಣನಿಗೆ ನಾನು ಉಳಿಸಿಕೊಂಡಿರುವ ಬಾಕಿ ಆ ಒಂದು ಮಾತು.